ಕೊರಾಕುಎನ್ ಹಾಲ್‌ನಲ್ಲಿ ಕುಸ್ತಿ ನೋಡುವುದಾದರೆ ಎಲ್ಲಿ ಕೂರಬೇಕು?

ಜಪಾನ್‌ಗೆ ಹೋದಾಗ ಪ್ರೊ ರೆಸ್ಲಿಂಗ್ ನೋಡಬೇಕು ಅನ್ನುವವರು ಮೊದಲು ಕೇಳುವುದೇ ಟೋಕಿಯೋದ ದೊಡ್ಡ ಕ್ರೀಡಾಂಗಣವಾದ ಟೋಕಿಯೋ ಡೋಮ್ ಬಗ್ಗೆ. ದೊಡ್ಡ ಪರದೆ, ಲೈಟು, ಹೊಗೆ ಬೇಕಿದ್ದರೆ ಸರಿ. ಆದರೆ ನೆಲದ ಮೇಲೆ ಬಿಗಿ ಪಟ್ಟು, ಮೈಗೆ ತಾಗುವ ಒದೆ, ಇಂಥ ಕುಸ್ತಿ ಇಷ್ಟವಿದ್ದರೆ ಡೋಮ್ ಪಕ್ಕದಲ್ಲೇ ಇರುವ ಕೊರಾಕುಎನ್ ಹಾಲ್‌ಗೆ ಹೋಗಿ. 1962ರಲ್ಲಿ ಶುರುವಾದ ಹಳೇ ಹಾಲ್. ಜಾಸ್ತಿ ಅಂದರೆ ಎರಡು ಸಾವಿರ ಜನ ಹಿಡಿಸಬಹುದು.

ಈ ಶೈಲಿ ಗಟ್ಟಿಯಾಗಿದ್ದು 1984ರಲ್ಲಿ, ಯುಡಬ್ಲ್ಯುಎಫ್ ಎಂಬ, ಕುಸ್ತಿ ಪಂದ್ಯ ನಡೆಸುವ ಕಂಪನಿಯಲ್ಲಿ. ಅಕಿರಾ ಮಾಎದಾ, ಯೋಶಿಯಾಕಿ ಫುಜಿವಾರಾ, ಹುಲಿ ಮುಖವಾಡ ಹಾಕಿ ಮೊದಲ ಟೈಗರ್ ಮಾಸ್ಕ್ ಆಗಿದ್ದ ಸತೋರು ಸಾಯಾಮಾ, ಎಲ್ಲರೂ ಅಲ್ಲಿದ್ದರು. ಕುಸ್ತಿ ಗುರು ಕಾರ್ಲ್ ಗಾಚ್ ಕಲಿಸಿದ ಕೈ-ಕಾಲು ಮುರಿಯುವ ಪಟ್ಟುಗಳಿಗೆ ಇವರು ಒದೆ ಸೇರಿಸಿದರು. ಎದುರಾಳಿಯನ್ನು ರಿಂಗಿನ ಹಗ್ಗಕ್ಕೆ ಎಸೆದು ವಾಪಸ್ ಓಡಿಸುವುದು, ಮೇಲಿನಿಂದ ಹಾರುವುದು ಬಿಟ್ಟೇಬಿಟ್ಟರು. 1996ರಲ್ಲಿ ಬಂದ ಬ್ಯಾಟ್ಲಾರ್ಟ್ಸ್ ಎಂಬ ಕಂಪನಿ ಇದನ್ನೇ ಇನ್ನಷ್ಟು ಒರಟು ಮಾಡಿತು. ಅದು 2011ಕ್ಕೆ ಮುಚ್ಚಿತು. ಇತ್ತೀಚಿನ ವರ್ಷಗಳಲ್ಲಿ ಗ್ಲೇಟ್ ಎಂಬ ಕಂಪನಿ ತನ್ನ ಕೆಲವು ಪಂದ್ಯಗಳನ್ನು ಯುಡಬ್ಲ್ಯುಎಫ್ ನಿಯಮದಲ್ಲೇ ಆಡಿಸಿದೆ. ಹೊರಡುವ ಮುಂಚೆ ಅಂದಿನ ಪಂದ್ಯಗಳ ಪಟ್ಟಿ ನೋಡಿಕೊಳ್ಳಿ. ಹಾಲ್ ಒಂದೇ ಆದರೂ ಒಂದೊಂದು ದಿನ ಒಂದೊಂದು ಕಂಪನಿಯದ್ದು.

ಬೆಂಗಳೂರಿನಿಂದ ಟೋಕಿಯೋದ ನರಿಟಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಊರೊಳಗೆ ಇಳಿಯಬೇಕಾದ ಸ್ಟೇಷನ್ ಸುಯಿದೊಬಾಶಿ. ಹಳದಿ ಪಟ್ಟಿಯ ಲೋಕಲ್ ರೈಲು ಹತ್ತಿ, ಕಿತ್ತಳೆ ಪಟ್ಟಿಯದ್ದು ಅಲ್ಲಿ ನಿಲ್ಲುವುದಿಲ್ಲ. ಪಶ್ಚಿಮದ ಬಾಗಿಲಿಂದ ಹೊರಬಂದರೆ ನಡೆದೇ ಹೋಗಬಹುದು. ಹಾಲ್ ಇರುವುದು ಐದನೇ ಮಹಡಿಯಲ್ಲಿ. ವಾಪಸ್ ಬರುವಾಗ ಲಿಫ್ಟ್‌ಗೆ ಕಾಯಬೇಡಿ, ಮೆಟ್ಟಿಲಲ್ಲಿ ಇಳಿಯಿರಿ. ಗೋಡೆ ತುಂಬ ಅಭಿಮಾನಿಗಳು ವರ್ಷಾನುಗಟ್ಟಲೆ ಗೀಚಿದ ಬರಹ ಇದೆ.

ಈಗ ಸೀಟಿನ ವಿಷಯ. ರಿಂಗ್ ಸುತ್ತ ನೆಲದ ಮೇಲೆ ಹಾಕಿದ ಕುರ್ಚಿಗಳಲ್ಲಿ ಮೊದಲ ಸಾಲು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಹಿಂದಿನ ಸಾಲುಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಇಬ್ಬರೂ ಕೆಳಗೆ ಮಲಗಿದ ಕೂಡಲೇ ನಿಮಗೆ ಕಾಣುವುದು ಮುಂದಿನವರ ತಲೆ ಮಾತ್ರ. ಈ ಥರದ ಕುಸ್ತಿಯಲ್ಲಿ ಅರ್ಧ ಆಟ ನೆಲದ ಮೇಲೇ ಅಲ್ವಾ? ದಕ್ಷಿಣದ ಕಡೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸೀಟುಗಳಿವೆ. ಅಲ್ಲಿ ಕೂತರೆ ಯಾರ ಕಾಲು ಯಾರ ಕಂಕುಳಲ್ಲಿದೆ ಅನ್ನುವುದೂ ಕಾಣುತ್ತದೆ. ಅಗ್ಗದ ಟಿಕೆಟ್ ನಾಲ್ಕೈದು ಸಾವಿರ ಯೆನ್, ಮುಂದಿನ ಸಾಲಿನದು ಹತ್ತು ಸಾವಿರ ದಾಟಬಹುದು. ಅಲ್ಲಿನ ಟಿಕೆಟ್ ಸೈಟುಗಳು ಎಷ್ಟೋ ಸಲ ಜಪಾನಿನ ಮೊಬೈಲ್ ನಂಬರ್ ಕೇಳುತ್ತವೆ. ಹೌಸ್‌ಫುಲ್ ಆಗದಿದ್ದರೆ ಅವತ್ತೇ ಹೋಗಿ ಕೌಂಟರ್‌ನಲ್ಲಿ ಕೊಳ್ಳಬಹುದು.

ನಾನು ನೋಡಿದ ಪಂದ್ಯದಲ್ಲಿ ಇಬ್ಬರದ್ದೂ ಕಪ್ಪು ಚಡ್ಡಿ, ಮೊಣಕಾಲ ಕೆಳಗೆ ಗಾರ್ಡ್. ಮೊದಲ ಕೆಲವು ನಿಮಿಷ ಒಬ್ಬ ಇನ್ನೊಬ್ಬನ ಪಾದ ಹಿಡಿದು ತಿರುಚುವುದು, ಅವನು ಜಾರಿಸಿಕೊಳ್ಳುವುದು, ಅಷ್ಟೇ. ಹಾಲ್ ಪೂರ್ತಿ ಗಪ್‌ಚಿಪ್. ಬೇಜಾರಾಗಿ ಸುಮ್ಮನಿದ್ದಾರೆ ಅಂದುಕೊಳ್ಳಬೇಡಿ, ಅವರು ಕಣ್ಣು ಮಿಟುಕಿಸದೆ ನೋಡುತ್ತಿರುತ್ತಾರೆ. ಪಟ್ಟು ಬಿಡಿಸಿಕೊಂಡರೆ ಚಪ್ಪಾಳೆ. ಆಮೇಲೆ ಇಬ್ಬರೂ ಎದ್ದರು. ತೊಡೆಗೆ ಬಿದ್ದ ಒದೆಯ ಸದ್ದು ಕೊನೇ ಸಾಲಿಗೂ ಕೇಳಿಸಿತು. ತೊಡೆ ಕೆಂಪಾಗುತ್ತಾ ಬಂದಿದ್ದು ದೂರದಿಂದಲೇ ಕಾಣುತ್ತಿತ್ತು. ಮುಷ್ಟಿ ಕಟ್ಟಿ ಮುಖಕ್ಕೆ ಹೊಡೆಯುವಂತಿಲ್ಲ, ಅಂಗೈಯಿಂದ ಬಾರಿಸಬೇಕು. ಕೆಳಗೆ ಬಿದ್ದವನಿಗೆ ರೆಫರಿ ಹತ್ತರವರೆಗೆ ಎಣಿಸುತ್ತಾನೆ. ಪಟ್ಟಿನಿಂದ ಪಾರಾಗಲು ಹಗ್ಗ ಹಿಡಿದರೆ ಪಾಯಿಂಟ್ ಹೋಗುತ್ತದೆ. ಮೈಸೂರು ದಸರಾ ಕುಸ್ತಿ ನೋಡಿ ಬೆಳೆದವರು ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಅಂಗಾತ ಬಿದ್ದವನೇ ಕೆಳಗಿನಿಂದ ಎದುರಾಳಿಯ ತೋಳು ಹಿಡಿದು ಗೆದ್ದುಬಿಟ್ಟ. ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ, ನಿಜ. ಆದರೆ ಆ ತೊಡೆಗೆ ಬಿದ್ದ ಏಟು ಏಟೇ.

ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗುವುದು ಒಳ್ಳೆಯದು. ಕನ್ವೀನಿಯನ್ಸ್ ಅಂಗಡಿಯಲ್ಲಿ ಉಪ್ಪಿನಲ್ಲಿ ಹಾಕಿದ ಉಮೆ ಎಂಬ ಹುಳಿ ಹಣ್ಣು ಇಟ್ಟ ಅನ್ನದ ಉಂಡೆ ಸಿಗುತ್ತದೆ. ಅದಕ್ಕೂ ಕೆಲವೊಮ್ಮೆ ಮೀನಿನ ಸಾರ ಹಾಕಿರುತ್ತಾರೆ, ಲೇಬಲ್‌ಗೆ ಫೋನ್ ಕ್ಯಾಮೆರಾ ಹಿಡಿದು ಅನುವಾದ ನೋಡಿ. ಫೋಟೋ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ವಿಡಿಯೋ ನಿಯಮ ಕಂಪನಿಗೊಂದು ಥರ, ಕೇಳಿಯೇ ತೆಗೆಯಿರಿ. ಪಂದ್ಯದ ದಿನ ಟೀಶರ್ಟ್ ಮಾರುವ ಮೇಜಿನ ಹಿಂದೆ ಕುಸ್ತಿಪಟುಗಳೇ ನಿಂತಿರುವುದುಂಟು. ಅಲ್ಲಿ ಏನಾದರೂ ಕೊಂಡರೆ ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಎಲ್ಲ ಮೇಜಿನಲ್ಲೂ ಕಾರ್ಡ್ ನಡೆಯುವುದಿಲ್ಲ, ಸಾವಿರ ಯೆನ್ ನೋಟುಗಳು ಕೈಯಲ್ಲಿರಲಿ.