ಸರ್ವಿಸ್ ರೋಡಿನ ಆಚೆ ಬಿದ್ದವರು

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಮತ್ತು ಉಪ್ಪಳದ ನಡುವೆ ಹೆದ್ದಾರಿ ಬದಿಯಲ್ಲೊಂದು ಮೆಡಿಕಲ್ ಶಾಪ್. ರಸ್ತೆಯಲ್ಲಿ ಏನಾದರೂ ಆದರೆ ಹತ್ತಿ, ಬ್ಯಾಂಡೇಜ್ ಅಂತ ಮೊದಲು ಓಡಿ ಬರುವುದು ನನ್ನಲ್ಲಿಗೇ. ಬಿಲ್ಲಿನ ಮಾತು ಆಮೇಲೆ. ಹೆಚ್ಚಾಗಿ ಆಮೇಲೆಯೂ ಇಲ್ಲ. ಹಾಗಾಗಿ "ಈಗ ಯಾರೂ ಯಾರಿಗೂ ಆಗುವುದಿಲ್ಲ, ಎಲ್ಲರೂ ಮೊಬೈಲ್ ಹಿಡಿದು ವಿಡಿಯೋ ಮಾಡ್ತಾರೆ" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಹಾಕಿದಾಗ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ವಿಡಿಯೋ ಮಾಡುವವರು ಇಲ್ಲ ಅನ್ನುವುದಿಲ್ಲ. ಆದರೆ ಆ ವಿಡಿಯೋದಲ್ಲಿ ಬಿದ್ದವನನ್ನು ಎತ್ತುತ್ತಿರುವವರೂ ಕಾಣ್ತಾರೆ ಅಲ್ವಾ? ಅವರನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಸರ್ವಿಸ್ ರೋಡಿನ ಜಲ್ಲಿಯಲ್ಲಿ ಸ್ಕೂಟರ್ ಜಾರಿ ಒಬ್ಬ ಹುಡುಗ ಬಿದ್ದ. ಮೊಣಕಾಲಿನ ಕೆಳಗೆ ಉದ್ದಕ್ಕೆ ಹರಿದಿತ್ತು. ಮಳೆನೀರಿನ ಜೊತೆ ರಕ್ತ ಚರಂಡಿಯವರೆಗೆ ಹೋಗುತ್ತಿತ್ತು. ನಾನು ಗಾಜ್ ಕಟ್ಟು ಹಿಡಿದು ತಲುಪುವಷ್ಟರಲ್ಲಿ ಸುತ್ತ ಜನ. ಬಸ್ಸಿಗೆ ಕಾಯುತ್ತಿದ್ದವರು, ಬೇಕರಿಯವರು, ಕಾಲೇಜಿನ ಮಕ್ಕಳು. ಕೊಡೆ ಹಿಡಿದು ನಿಂತಿದ್ದಾರೆ, "ಛೆ, ಪಾಪ" ಅನ್ನುತ್ತಿದ್ದಾರೆ, ಮುಟ್ಟುವವರಿಲ್ಲ. ಕೆಟ್ಟವರಲ್ಲ ಅವರು. ಬೇರೆ ಯಾರಾದರೂ ಫೋನ್ ಮಾಡಿರಬಹುದು ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಕೇಳಿದರೆ ಒಬ್ಬರೂ ಮಾಡಿರಲಿಲ್ಲ.

ಅಷ್ಟರಲ್ಲಿ ಮೀನು ಮಾರುವ ಅಕ್ಕ ಬಂದರು. ಬುಟ್ಟಿ ಇಳಿಸಿದರು. ತಲೆಯ ಮೇಲಿನ ಸಿಂಬೆ ಬಿಚ್ಚಿದರೆ ಅದೇ ಒಂದು ಬೈರಾಸು, ಅಂದರೆ ಟವೆಲ್. ಅದನ್ನು ಮಡಚಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿ ಕೂತರು. ಕೂತಲ್ಲಿಂದಲೇ ಒಬ್ಬನಿಗೆ ಗಲ್ಲ ಎತ್ತಿ ತೋರಿಸಿದರು: "ಏ ನೀಲಿ ಅಂಗಿದಾಯೇ, ರಿಕ್ಷಾ ಲೆಪ್ಪುಲ!" (ನೀಲಿ ಅಂಗಿಯವನೇ, ರಿಕ್ಷಾ ಕರಿ!) ಅವನು ಕಣ್ಣೂರು ಕಡೆಯ ಹುಡುಗ, ತುಳು ಎಲ್ಲಿ ಬರಬೇಕು. ಹೇಳಿದ್ದು ತನಗೇ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕಾಯಿತು. ಸ್ಟ್ಯಾಂಡಿನ ಕಡೆ ಓಡಿದ. ಇನ್ನೊಬ್ಬರಿಗೆ ಕೊಡೆ ಹಿಡಿಯುವ ಕೆಲಸ, ಮತ್ತೊಬ್ಬರಿಗೆ ಸ್ಕೂಟರ್ ಬದಿಗಿಡುವ ಕೆಲಸ. ಎರಡು ನಿಮಿಷದ ಹಿಂದೆ ಕಂಬದ ಹಾಗೆ ನಿಂತಿದ್ದವರೆಲ್ಲ ಈಗ ಗಡಿಬಿಡಿಯಲ್ಲಿದ್ದರು.

ಬೈರಾಸಿಗೆ ಬಂಗುಡೆಯ ವಾಸನೆ. ಒಬ್ಬರು ಅದನ್ನು ತೆಗೆದು ಹತ್ತಿ ಇಡಲು ಹೋದರು, ನಾನು ಬಿಡಲಿಲ್ಲ. ಒತ್ತಿದ ಬಟ್ಟೆ ಎತ್ತಿದರೆ ಕಟ್ಟುತ್ತಿರುವ ರಕ್ತ ಮತ್ತೆ ಹರಿಯುತ್ತದೆ. ಒದ್ದೆಯಾದರೆ ಅದರ ಮೇಲೆಯೇ ಇನ್ನೊಂದು ಹಾಕಿ ಒತ್ತಬೇಕು. ತೊಳೆಯುವುದು, ಔಷಧಿ ಕೊಡುವುದು ಎಲ್ಲ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ನೀರಿನ ಬಾಟಲಿ ತಂದವರಿಗೂ ಬೇಡ ಅಂದೆ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇದ್ದಷ್ಟು ಒಳ್ಳೆಯದು. ಪ್ರಜ್ಞೆ ಇಲ್ಲದವರ ಬಾಯಿಗಂತೂ ನೀರು ಬಿಡಲೇಬಾರದು. ಆದರೆ ನಮ್ಮವರಿಗೆ ಯಾರಾದರೂ ಬಿದ್ದರೆ ನೀರು ಕುಡಿಸದಿದ್ದರೆ ಸಮಾಧಾನವೇ ಇಲ್ಲ.

ಆಮೇಲೆ ಇಲ್ಲಿನ ಮಾಮೂಲಿ ಚರ್ಚೆ: ಕಾಸರಗೋಡಿಗೋ, ಮಂಗಳೂರಿಗೋ? ದೊಡ್ಡದೇನಾದರೂ ಆದರೆ ನಮಗೆ ಮಂಗಳೂರೇ. ಅದಕ್ಕೆ 2020ರ ಮಾರ್ಚ್ ಕೊನೆಗೆ ಕೊರೊನಾ ಅಂತ ಕರ್ನಾಟಕದವರು ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ನಮ್ಮ ಕಡೆಯ ರೋಗಿಗಳು ಗಡಿಯ ತಲಪಾಡಿಯಲ್ಲಿ ಸಿಕ್ಕಿಬಿದ್ದರು, ಚಿಕಿತ್ಸೆ ಸಿಗದೆ ಕೆಲವರು ತೀರಿಯೂ ಹೋದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದರ ಹಿಂದಿನ ವರ್ಷ, 2019ರ ಏಪ್ರಿಲ್‌ನಲ್ಲಿ, ಅದೇ ಮಂಗಳೂರಿನಿಂದ ಎಳೆ ಮಗುವೊಂದನ್ನು ಹೃದಯದ ಚಿಕಿತ್ಸೆಗೆ ಆಂಬ್ಯುಲೆನ್ಸಿನಲ್ಲಿ ಕೊಚ್ಚಿಗೆ ಒಯ್ದಾಗ ದಾರಿಯುದ್ದಕ್ಕೂ ಜನ ನಿಂತು ರಸ್ತೆ ಬಿಡಿಸಿಕೊಟ್ಟಿದ್ದರು. ಒಂದೇ ವರ್ಷದಲ್ಲಿ ಜನ ಬದಲಾದರಾ? ಇಲ್ಲ. ಒಂದು ಸಲ ದಾರಿ ತೆರೆದಿತ್ತು, ಇನ್ನೊಂದು ಸಲ ಮುಚ್ಚಿತ್ತು.

ಗುಂಪಿನಲ್ಲಿ ಜನ ಯಾಕೆ ಸುಮ್ಮನೆ ನಿಲ್ಲುತ್ತಾರೆ ಅಂತ ಸುಮ್ನೆ ಕುತೂಹಲಕ್ಕೆ ಓದಿದೆ. ಎಲ್ಲರೂ ಹೇಳುವುದು 1964ರ ನ್ಯೂಯಾರ್ಕಿನ ಕಥೆ. ಕಿಟ್ಟಿ ಜಿನೋವೀಸ್ ಎಂಬ ಯುವತಿಯ ಕೊಲೆಯನ್ನು 38 ಜನ ನೋಡಿಯೂ ಸುಮ್ಮನಿದ್ದರು ಅಂತ ಪತ್ರಿಕೆ ಬರೆಯಿತು. ಆ ವರದಿ ಸರಿ ಇರಲಿಲ್ಲ ಅಂತ 2016ರಲ್ಲಿ ಅದೇ ಪತ್ರಿಕೆ ಒಪ್ಪಿಕೊಂಡಿತು. ಅಷ್ಟರಲ್ಲಿ ಕಥೆ ಪಠ್ಯಪುಸ್ತಕಕ್ಕೇ ಸೇರಿಯಾಗಿತ್ತು. ಅದರಿಂದಾಗಿ ಒಂದು ಒಳ್ಳೆಯ ಕೆಲಸವೂ ಆಯಿತು. ಡಾರ್ಲಿ, ಲಟಾನೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1968ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಪಕ್ಕದ ಕೋಣೆಯಲ್ಲಿ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಧ್ವನಿ ಕೇಳಿಸಿದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ 85 ಶೇಕಡಾ ಜನ ಆ ಧ್ವನಿ ನಿಲ್ಲುವ ಮೊದಲೇ ಎದ್ದು ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31 ಶೇಕಡಾ ಮಾತ್ರ. ನಮ್ಮ ಅಕ್ಕ ಇದನ್ನೆಲ್ಲ ಓದಿದವರಲ್ಲ. ಗುಂಪನ್ನು ಒಡೆದು ಒಬ್ಬೊಬ್ಬರನ್ನೇ ಮಾಡುವುದು ಅವರಿಗೆ ಗೊತ್ತಿತ್ತು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಜಾಸ್ತಿ ಇಷ್ಟ. ಇಂಗ್ಲೆಂಡ್, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾದ ಮೂರು ಊರುಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ನೋಡಿದರೆ, ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಾಧ್ಯತೆಯೂ ಜಾಸ್ತಿ ಇತ್ತು.

ಹಾಗಾದರೆ ಕಷ್ಟ ಎಲ್ಲಿ? ನನಗನಿಸುವುದು, ಒಂದು ಆಮೇಲಿನ ಹೆದರಿಕೆ. ಪೊಲೀಸ್ ಸ್ಟೇಷನ್, ಸಾಕ್ಷಿ, ಕೋರ್ಟು, ಆಸ್ಪತ್ರೆಯಲ್ಲಿ "ಅಡ್ವಾನ್ಸ್ ಯಾರು ಕಟ್ತೀರಿ" ಎಂಬ ಪ್ರಶ್ನೆ. ಕಾನೂನು ಯಾವತ್ತೋ ಬದಲಾಗಿದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯ ಮಾಡಿದವರನ್ನು ಕಾಪಾಡುವ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಅವರ ರಕ್ಷಣೆಗೆಂದೇ 134ಎ ಸೆಕ್ಷನ್ ಸೇರಿತು. ಸಹಾಯ ಮಾಡಿದವರು ಹೆಸರು, ಫೋನ್ ನಂಬರ್ ಕೊಡಲೇಬೇಕೆಂದಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟ. ಈಗ ಕೇಂದ್ರ ಸರ್ಕಾರ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರ ಬಹುಮಾನವನ್ನೂ 25,000 ರೂಪಾಯಿಗೆ ಏರಿಸಿದೆ. ಬಹುಮಾನ ಇರಲಿ ಬಿಡಿ, ದುಡ್ಡು ನೆನೆದು ರಸ್ತೆಗೆ ಓಡಿದವರನ್ನು ನಾನು ನೋಡಿಲ್ಲ. ಬೇಕಾದದ್ದು ಹೆಸರು ಕೊಡಬೇಕಿಲ್ಲ, ಸಾಕ್ಷಿ ಕಡ್ಡಾಯವಲ್ಲ ಎಂಬ ಆ ಎರಡು ಸಾಲು ಎಲ್ಲರಿಗೂ ಗೊತ್ತಿರುವುದು.

ಎರಡನೆಯದು ಈ ಹೊಸ ರಸ್ತೆ. ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಈಗ ಆರು ಲೇನ್. ಓಡಿಸಲು ಸುಖ, ಸುಳ್ಳು ಹೇಳಬಾರದು. ಹಿಂದೆ ಅಂಗಡಿಯ ಎದುರು ಬಿದ್ದರೆ ನಮ್ಮ ಕಾಲ ಬುಡದಲ್ಲಿ ಬಿದ್ದ ಹಾಗೆ. ಬಸ್ಸಿನವರೂ ನಿಲ್ಲಿಸಿ ಇಳಿಯುತ್ತಿದ್ದರು. ಈಗ ನಾವು ಸರ್ವಿಸ್ ರೋಡಿನಲ್ಲಿ, ನಡುವೆ ಗೋಡೆ, ಅದರಾಚೆ ನೂರರ ಸ್ಪೀಡಿನಲ್ಲಿ ಕಾರುಗಳು. ಮೊನ್ನೆ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಆಚೆಯಿಂದ ದೊಡ್ಡ ಸದ್ದು ಬಂತು. ಸ್ಟ್ಯಾಂಡಿನ ಹುಡುಗರು ಎದ್ದು ಓಡಿದರು, ಎಲ್ಲಿಗೆ ಅಂತ ಓಡುವುದು? ಇಬ್ಬರು ಗೋಡೆ ಹತ್ತಿದರು. ಉಳಿದವರು ರಿಕ್ಷಾ ತೆಗೆದುಕೊಂಡು ಒಳಗೆ ಹೋಗುವ ದಾರಿ ಹುಡುಕಿಕೊಂಡು ಸುತ್ತಿ ಬರಬೇಕಾಯಿತು. ನಾನು 112ಕ್ಕೆ ಮಾಡಿದೆ, ಬೇಕರಿಯವರಿಗೆ ಹೆದ್ದಾರಿಯ ಹೆಲ್ಪ್‌ಲೈನ್ 1033ಕ್ಕೆ ಮಾಡಲು ಹೇಳಿದೆ. ಕಾರಿನವರು ಯಾರೂ ನಿಲ್ಲಿಸಲಿಲ್ಲ ಅಂತ ಮರುದಿನ ಎಲ್ಲರೂ ಬೈದರು. ಕತ್ತಲಲ್ಲಿ, ಆ ವೇಗದಲ್ಲಿ, ಸಡನ್ನಾಗಿ ನಿಲ್ಲಿಸಿದರೆ ಹಿಂದಿನವನು ಬಂದು ಗುದ್ದುತ್ತಾನೆ. ನಿಲ್ಲುವ ಮನಸ್ಸಿರುವವರು ಗೋಡೆಯ ಈಚೆ ಇದ್ದಾರೆ. ಗೋಡೆಗೆ ಅಲ್ಲಲ್ಲಿ ಒಂದು ಗೇಟು, ನಾಲ್ಕು ಮೆಟ್ಟಿಲು ಇಡಲು ಎಷ್ಟು ಸಿಮೆಂಟ್ ಬೇಕಿತ್ತು?

ಇನ್ನೊಂದು ವಿಷಯ. ಸಹಾಯ ಮಾಡಿದವರ ಹಕ್ಕುಗಳ ಫಲಕ ಆಸ್ಪತ್ರೆಯ ಬಾಗಿಲಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು ಅಂತ ನಿಯಮ ಇದೆ. ಕಾಸರಗೋಡಿನಲ್ಲಿ ಸ್ಥಳೀಯ ಅಂದರೆ ಕಚೇರಿಗಳಿಗೆ ಮಲಯಾಳ ಒಂದೇ ನೆನಪಾಗುತ್ತದೆ, ನಮ್ಮ ಹಳೇ ಜಗಳ ಅದು. ನಾನು ಹೋದ ಕಡೆ ಕನ್ನಡದ್ದು ಕಾಣಲಿಲ್ಲ. ಹಾಗಾಗಿ ನಾನೇ ಎರಡೂ ಭಾಷೆಯಲ್ಲಿ ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿ, ಇನ್ಸುಲಿನ್ ಇಡುವ ಫ್ರಿಜ್ಜಿನ ಗಾಜಿಗೆ ಅಂಟಿಸಿದ್ದೇನೆ. ಬೇಕಾದವರು ಕೇಳಿ, ಫೈಲ್ ಕಳಿಸುತ್ತೇನೆ. ಪ್ರಿಂಟ್ ಮಾತ್ರ ನೀವೇ ತೆಗೆಸಿಕೊಳ್ಳಿ.