ತಿಂಗಳಿಗೊಮ್ಮೆ ಹತ್ತು ನಿಮಿಷ

ಮೊನ್ನೆ ರಾತ್ರಿ ಮಲಗೋ ಹೊತ್ತಿಗೆ ಗೆಳೆಯ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ. ಕೂತು ತಿಂದರೂ ಕರಗದಷ್ಟು ಹಣ ಕೊಡ್ತಾರೆ. ಅದಕ್ಕೆ ಬದಲಾಗಿ ತಿಂಗಳಿಗೊಮ್ಮೆ, ಹೇಳದೆ ಕೇಳದೆ, ನೀನು ಯಾವುದೋ ಸಾಗರದ ನಡುವೆ ಹೋಗಿ ಬೀಳ್ತೀಯ. ಹತ್ತು ನಿಮಿಷ ಜೀವ ಹಿಡಿದುಕೊಂಡರೆ ಇದ್ದಲ್ಲಿಗೇ ವಾಪಸ್. ಸಾಯೋವರೆಗೂ ಹೀಗೇ. ಒಪ್ತೀಯಾ?

"ಒಪ್ತೀನಿ ಕಣೋ" ಅಂದುಬಿಟ್ಟೆ. ಆ ವಾರ ಸಾಲದ ಕಂತು ಕಟ್ಟಲು ತಿಣುಕುತ್ತಿದ್ದೆ. ಈಜು ಬರುತ್ತೆ. ಹತ್ತು ನಿಮಿಷ ತಾನೇ?

ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ಸುಮ್ನೆ ಕೇಳಿದ್ದು ಅಂತ ಗೊತ್ತು, ಆದರೂ ಕಣ್ಣು ಮುಚ್ಚಿದರೆ ನೀರೇ. ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಭಾಗ ಸಾಗರ, ಸರಾಸರಿ ಆಳ ಸುಮಾರು 3,700 ಮೀಟರ್. ಆಳಕ್ಕೆ ನಾನು ಅಷ್ಟು ಹೆದರಲಿಲ್ಲ. ಮುಳುಗುವವನಿಗೆ ಎರಡಾಳು ನೀರಾದರೇನು, ಎರಡು ಸಾವಿರ ಆಳಾದರೇನು? ಶಾರ್ಕ್ ಕಚ್ಚಿ ಸಾಯುವವರು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು. ನನ್ನನ್ನು ಕಾಡಿದ್ದು ಚಳಿ. ಉಪ್ಪಿನಿಂದಾಗಿ ಸಮುದ್ರದ ನೀರು ಸೊನ್ನೆಗೂ ಕೆಳಗೆ, ಸುಮಾರು ಮೈನಸ್ 1.8 ಡಿಗ್ರಿವರೆಗೆ ಹೆಪ್ಪುಗಟ್ಟದೆ ಇರುತ್ತದೆ. ಒಂದು ತಿಂಗಳು ಅಂಥ ಕಡೆಯೇ ಬಿದ್ದರೆ?

ಎದ್ದು ಬಕೆಟ್ಟಿಗೆ ನೀರು ಹಿಡಿದು, ಫ್ರಿಜ್ಜಿನಲ್ಲಿದ್ದ ಐಸನ್ನೆಲ್ಲ ಸುರಿದೆ. ಬಲಗೈಯನ್ನು ಮೊಣಕೈವರೆಗೆ ಇಳಿಸಿ ಗಡಿಯಾರ ನೋಡುತ್ತಾ ಕೂತೆ. ಅರ್ಧ ನಿಮಿಷಕ್ಕೆ ಮೂಳೆಯೊಳಗಿಂದ ನೋವು ಎದ್ದಿತು. ಆಮೇಲೆ ನೋವು ಮಂಕಾಯಿತು. ಮೂರು ನಿಮಿಷಕ್ಕೆ ಕೈ ತೆಗೆದು ಅಂಗಿಯ ಗುಂಡಿ ಹಾಕಲು ನೋಡಿದೆ. ಹೆಬ್ಬೆರಳು ಗುಂಡಿಯ ಮೇಲಿರುವುದು ಕಣ್ಣಿಗೆ ಕಾಣುತ್ತಿದೆ, ಬೆರಳಿಗೆ ಗೊತ್ತಾಗುತ್ತಿಲ್ಲ. ಗುಂಡಿ ಜಾರಿ ಜಾರಿ ಹೋಯಿತು.

ಅದು ಬರೀ ಕೈ. ಎದೆವರೆಗೆ ತಣ್ಣೀರು ತಾಗಿದರೆ ಮನುಷ್ಯ ತನಗೇ ಗೊತ್ತಿಲ್ಲದೆ ಜೋರಾಗಿ ಉಸಿರು ಎಳೆದುಕೊಳ್ಳುತ್ತಾನೆ. ಆ ಕ್ಷಣ ತಲೆ ನೀರೊಳಗಿದ್ದರೆ ಉಸಿರಿನ ಬದಲು ನೀರೇ ಒಳಗೆ. ಮೈ ಪೂರ್ತಿ ತಣ್ಣಗಾಗಿ ಸಾಯಲು ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕು. ಅದಕ್ಕೂ ಮುಂಚೆ ಕೊಲ್ಲುವುದು ಮೊದಲ ಒಂದು ನಿಮಿಷ. ಅದನ್ನು ದಾಟಿದರೂ ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದನ್ನು ಬಿಡುತ್ತವೆ. ನಾನು "ತಾನೇ" ಅಂದಿದ್ದ ಅದೇ ಹತ್ತು ನಿಮಿಷ.

ಆಮೇಲೆ ಲೆಕ್ಕಕ್ಕೆ ಕೂತೆ. ಒಂದು ಸಲಕ್ಕೆ ಸಾಯುವ ಸಂಭವ ನೂರಕ್ಕೆ ಒಂದೇ ಅಂತ ಇಟ್ಟುಕೊಂಡೆ. ನನ್ನಂಥವನಿಗೆ ಇದು ತುಂಬಾ ಕಡಿಮೆ ಅಂದಾಜು. ಹಾಗಿದ್ದರೂ ಹತ್ತು ವರ್ಷಕ್ಕೆ 120 ಸಲ. ಪ್ರತಿ ಸಲ ಬದುಕುವ ಸಂಭವ 0.99, ಅಂಥ 120 ಅನ್ನು ಒಂದಕ್ಕೊಂದು ಗುಣಿಸಿದರೆ ಸುಮಾರು 0.30. ನೂರು ಜನ ಒಪ್ಪಿದರೆ ಹತ್ತು ವರ್ಷ ಆದ ಮೇಲೆ ಹಣ ಎಣಿಸಲು ಉಳಿಯುವವರು ಮೂವತ್ತೇ ಜನ. ಒಂದಕ್ಕೆ ಹೆದರದ ನಾನು ಆ ಎಪ್ಪತ್ತನ್ನು ನೋಡಿ ನಿಜಕ್ಕೂ ನಡುಗಿದೆ.

ಬೆಳಿಗ್ಗೆ ಗೆಳೆಯನಿಗೆ ಆಗಲ್ಲ ಅಂದೆ. "ಯಾವಾಗಲೂ ಲೈಫ್ ಜಾಕೆಟ್ ಹಾಕ್ಕೊಂಡೇ ಇರು" ಅಂದ. ಅದೂ ರಾತ್ರಿಯೇ ಯೋಚಿಸಿದ್ದೆ. ತಲೆ ನೀರಿನ ಮೇಲೆ ಇರುತ್ತೆ, ಮೊದಲ ಉಸಿರಿಗೆ ಅದೇ ದೊಡ್ಡ ಆಸರೆ. ಜಾಕೆಟ್ ಹಾಕಿಕೊಂಡು ಮಲಗಬಹುದು, ಸ್ನಾನಕ್ಕೂ ಹೋಗಬಹುದು.

"ಆದರೆ ಮಗಳನ್ನ ಎತ್ತಿಕೊಂಡು ಮೆಟ್ಟಿಲು ಇಳೀತಿರುವಾಗ ನಾನು ಮಾಯ ಆದರೆ? ಅವಳು ಕೆಳಗೆ ಬೀಳ್ತಾಳೆ ಅಲ್ವಾ?" ಅಂದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಒಂದೇ ಸಲ ಅಂದ್ರೆ?" ಅಂತ ಕೇಳಿದ.

ಒಂದೇ ಸಲ ಆದರೆ ಹೂಂ ಅಂದೆ. ಯಾವ ದಿನ ಅಂತ ಮಾತ್ರ ಮೊದಲೇ ಹೇಳಬೇಕು.