ಗಾಲ್ಫ್ ಒಬ್ಬರಿಗೆ, ಸಿನಿಮಾ ಉಳಿದವರಿಗೆ: ಒಂದೇ ಪ್ರವಾಸದಲ್ಲಿ ಸ್ಕಾಟ್ಲೆಂಡ್

ಸ್ಕಾಟ್ಲೆಂಡಿಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ಒಬ್ಬರಿಗೆ ಗಾಲ್ಫ್ ಹುಚ್ಚು, ಆಟದ ತವರಿನಲ್ಲಿ ಒಮ್ಮೆಯಾದರೂ ಚೆಂಡು ಹೊಡೆಯಬೇಕು. ಉಳಿದವರಿಗೆ ಹ್ಯಾರಿ ಪಾಟರ್ ರೈಲು ದಾಟುವ ಸೇತುವೆ ಮತ್ತು ‘ಕುಛ್ ಕುಛ್ ಹೋತಾ ಹೈ’ ಹಾಡಿನ ಕೋಟೆ ನೋಡಬೇಕು. ಕೈಯಲ್ಲಿರುವುದು ಹತ್ತು ದಿನ. ಎರಡೂ ಆಗುತ್ತದೆಯೇ?

ಆಗುತ್ತದೆ. ಆದರೆ ಇವತ್ತು ಗಾಲ್ಫ್, ನಾಳೆ ಸಿನಿಮಾ ಎಂದು ದಿನ ಬಿಟ್ಟು ದಿನ ಹಂಚಿಕೊಂಡರೆ ಅರ್ಧ ರಜೆ ಕಾರಿನಲ್ಲೇ ಮುಗಿಯುತ್ತದೆ. ಹಳೆಯ ಗಾಲ್ಫ್ ಮೈದಾನಗಳಿಗೆ ಮರಳು ಬೇಕು, ಕ್ಯಾಮೆರಾಕ್ಕೆ ಬಂಡೆ ಬೇಕು. ಮರಳು ಹೆಚ್ಚಾಗಿ ಪೂರ್ವ ಕರಾವಳಿಯಲ್ಲಿದೆ, ಬಂಡೆ ಪಶ್ಚಿಮದ ಹೈಲ್ಯಾಂಡ್ಸ್‌ನಲ್ಲಿದೆ. ಮೊದಲು ಪೂರ್ವ ಮುಗಿಸಿ, ಆಮೇಲೆ ಪಶ್ಚಿಮಕ್ಕೆ ಹೋಗಿ, ಹಿಂದೆ ತಿರುಗಬೇಡಿ.

ಮರಳಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಸಮುದ್ರಕ್ಕೂ ಹೊಲಕ್ಕೂ ನಡುವೆ ಉಳಿದ ಉಬ್ಬುತಗ್ಗಿನ ಮರಳುನೆಲಕ್ಕೆ ಅಲ್ಲಿ ಲಿಂಕ್ಸ್ ಎನ್ನುತ್ತಾರೆ. ಬೇಸಾಯಕ್ಕೆ ಬಾರದ ನೆಲ, ಕುರಿ ಮೇಯಿಸಲು ಸಾಕು. ಮಳೆ ಬಿದ್ದರೆ ನೀರು ತಕ್ಷಣ ಇಂಗುತ್ತದೆ, ಹುಲ್ಲು ತೆಳ್ಳಗೆ ಗಟ್ಟಿಯಾಗಿ ಬೆಳೆಯುತ್ತದೆ, ಚೆಂಡು ಉರುಳುತ್ತದೆ. ಪಶ್ಚಿಮದ ಕಣಿವೆಗಳಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಕರಿ ಪೀಟ್ ಮಣ್ಣು, ಕಾಲಿಟ್ಟರೆ ಪಚಕ್ಕೆನ್ನುತ್ತದೆ. ಕಿಂಟೈರ್ ಪರ್ಯಾಯದ್ವೀಪದ ಮಾಕ್ರಿಹಾನಿಶ್‌ನಂಥ ಒಳ್ಳೆಯ ಮರಳುನೆಲ ಪಶ್ಚಿಮದಲ್ಲೂ ಉಂಟು, ಆದರೆ ಅದು ನಿಮ್ಮ ದಾರಿಯಲ್ಲಿ ಸಿಗುವುದಿಲ್ಲ.

ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್‌ಗೆ ಮೂರು ರಾತ್ರಿ ಕೊಡಿ. ಅಲ್ಲಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನ ಯಾವ ಖಾಸಗಿ ಕ್ಲಬ್ಬಿನ ಆಸ್ತಿಯೂ ಅಲ್ಲ, ಊರಿನದು. ಆ ನೆಲದ ಮೇಲೆ ಊರವರಿಗಿರುವ ಹಕ್ಕನ್ನು 1552ರ ಸನ್ನದೇ ಒಪ್ಪಿಕೊಂಡಿದೆ. ಅದಕ್ಕೂ ಮೊದಲು, 1457ರಲ್ಲಿ, ಬಿಲ್ಲುವಿದ್ಯೆಯ ಅಭ್ಯಾಸ ಕೆಡುತ್ತದೆಂದು ಎರಡನೇ ಜೇಮ್ಸ್‌ನ ಸಂಸತ್ತು ಗಾಲ್ಫನ್ನೂ ಫುಟ್‌ಬಾಲನ್ನೂ ನಿಷೇಧಿಸಿತ್ತು. ಒಂದು ಸುತ್ತಿಗೆ 18 ಹೋಲ್ (ಚೆಂಡು ಬೀಳಿಸುವ ಗುಳಿ) ಎಂಬ ಲೆಕ್ಕವೂ ಇಲ್ಲಿಂದಲೇ ಬಂತು: ಮೊದಲು 22 ಇದ್ದವು, 1764ರಲ್ಲಿ ನಾಲ್ಕು ಗಿಡ್ಡ ಹೋಲ್‌ಗಳನ್ನು ಎರಡಾಗಿ ಸೇರಿಸಿದರು, ಹೋಗುವಾಗ ಒಂಬತ್ತು, ಬರುವಾಗ ಒಂಬತ್ತು. ಗುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿಗೆ ಗ್ರೀನ್ ಎನ್ನುತ್ತಾರೆ; ಈಗಲೂ ಏಳು ಗ್ರೀನ್‌ಗಳಲ್ಲಿ ಎರಡೆರಡು ಹೋಲ್‌ಗಳಿವೆ. ಜೋಡಿಯ ಸಂಖ್ಯೆ ಕೂಡಿಸಿ ನೋಡಿ, ಯಾವಾಗಲೂ 18: ಎರಡು ಮತ್ತು ಹದಿನಾರು, ಐದು ಮತ್ತು ಹದಿಮೂರು, ಹೀಗೆ.

ಆಡುವ ಅವಕಾಶ ಸಿಗುವುದು ಬಹುಪಾಲು ಲಾಟರಿಯಿಂದ. ಅಲ್ಲಿ ಅದನ್ನು ಬ್ಯಾಲೆಟ್ ಎನ್ನುತ್ತಾರೆ. ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು, ಆನ್‌ಲೈನ್‌ನಲ್ಲೂ ಆಗುತ್ತದೆ. ಸಂಜೆಯ ಹೊತ್ತಿಗೆ ಪಟ್ಟಿ ಹೊರಬೀಳುತ್ತದೆ. ಎಡವುವುದು ಇಲ್ಲೇ: ಈ ಬ್ಯಾಲೆಟ್‌ಗೆ ಕನಿಷ್ಠ ಇಬ್ಬರು ಆಟಗಾರರು ಬೇಕು. ಮನೆಮಂದಿಯಲ್ಲಿ ಗಾಲ್ಫ್ ಆಡುವವರು ಒಬ್ಬರೇ ಇದ್ದರೆ ಅರ್ಜಿ ಹಾಕಲು ಬರುವುದಿಲ್ಲ. ಒಬ್ಬಂಟಿ ಆಟಗಾರರು ಮೊದಲೆಲ್ಲ ರಾತ್ರಿಯಿಡೀ ಚಳಿಯಲ್ಲಿ ಸಾಲುಗಟ್ಟಿ ಕಾಯುತ್ತಿದ್ದರು. 2024ರಿಂದ ಆ ಕಷ್ಟ ತಪ್ಪಿದೆ. ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ಬರೆಸಿದರೆ, ಖಾಲಿ ಉಳಿದ ಜಾಗಗಳಿಗೆ ಪ್ರತ್ಯೇಕ ಡ್ರಾ ಮಾಡುತ್ತಾರೆ. ಊರಿನಲ್ಲೇ ಉಳಿದುಕೊಳ್ಳಿ ಎನ್ನುವುದು ಇದಕ್ಕೇ. ಬೇಸಿಗೆಯಲ್ಲಿ ಶುಲ್ಕ ತಲೆಗೆ 300 ಪೌಂಡ್ ದಾಟುತ್ತದೆ. ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ದಾಖಲೆಯನ್ನೂ ಕೇಳುತ್ತಾರೆ. ಬೆಂಗಳೂರಿನವರಾದರೆ ನಿಮ್ಮ ಕ್ಲಬ್ಬಿನಿಂದ ಹೊರಡುವ ಮೊದಲೇ ಪಡೆದು ಪ್ರಿಂಟ್ ಇಟ್ಟುಕೊಳ್ಳಿ, ಅಲ್ಲಿಗೆ ಹೋದ ಮೇಲೆ ಫೋನಿನಲ್ಲಿ ತರಿಸುತ್ತೇನೆ ಎಂದರೆ ನಾಲ್ಕೂವರೆ ಐದೂವರೆ ಗಂಟೆಗಳ ಕಾಲವ್ಯತ್ಯಾಸ ಅಡ್ಡ ಬರುತ್ತದೆ. ಲಾಟರಿ ಹತ್ತದಿದ್ದರೆ ಪಕ್ಕದಲ್ಲೇ 1895ರ ನ್ಯೂ ಕೋರ್ಸ್, 1897ರ ಜುಬಿಲಿ ಇವೆ. ಹೆಸರಿಗೆ ‘ನ್ಯೂ’, ನೂರಿಪ್ಪತ್ತು ವರ್ಷ ದಾಟಿದ ಮೈದಾನ. ಮಣ್ಣು ಅದೇ, ಗಾಳಿ ಅದೇ. ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ.

ಆಡದವರಿಗೆ ಭಾನುವಾರವೇ ಬೇಕು. ಬೆರಳೆಣಿಕೆಯ ಪಂದ್ಯದ ದಿನಗಳನ್ನು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ, ಇಡೀ ಮೈದಾನ ಊರಿನ ಉದ್ಯಾನವಾಗುತ್ತದೆ. ಅಜ್ಜಿಯರು, ನಾಯಿಗಳು, ತಳ್ಳುಗಾಡಿಯ ಮಕ್ಕಳು ಎಲ್ಲರೂ ಅಡ್ಡಾಡುತ್ತಾರೆ. ಸ್ವಿಲ್ಕನ್ ತೊರೆಯ ಮೇಲಿನ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಬಹುದು. ಬೇರೆ ದಿನವಾದರೆ ಒಂದನೇ ಮತ್ತು ಹದಿನೆಂಟನೇ ಹೋಲಿನ ಹುಲ್ಲುದಾರಿಗಳಾದ ಫೇರ್‌ವೇಗಳನ್ನು ಅಡ್ಡ ಹಾಯುವ ಸಾರ್ವಜನಿಕ ರಸ್ತೆಯಲ್ಲಿ, ಚೆಂಡು ಹೊಡೆಯುವವರು ಮುಗಿಸುವ ತನಕ ನಿಂತು ದಾಟಬೇಕು.

ಆ ಭಾನುವಾರ ಒಂದು ಬಂಕರಿನ, ಅಂದರೆ ಮರಳುಗುಂಡಿಯ, ಮುಂದೆ ಕೂತು ಹತ್ತಿರದಿಂದ ನೋಡಿ. ಅದರ ಗೋಡೆ ಬರೀ ಮಣ್ಣಿನದಲ್ಲ. ಹುಲ್ಲನ್ನು ಬೇರುಸಮೇತ ಚಪ್ಪಡಿಯಾಗಿ ಕತ್ತರಿಸಿ, ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ, ಪ್ರತಿ ಸಾಲನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ಕಟ್ಟಿರುತ್ತಾರೆ. ಪಕ್ಕದಿಂದ ನೋಡಿದರೆ ಪುಸ್ತಕದ ಹಾಳೆಗಳ ಅಂಚಿನಂತೆ ಗೆರೆಗೆರೆ. ಹಾಗೆ ಕಟ್ಟದಿದ್ದರೆ ಸಮುದ್ರದ ಗಾಳಿಗೆ ಮರಳೆಲ್ಲ ಹಾರಿ ಗುಂಡಿಯ ಅಂಚು ಕುಸಿಯುತ್ತದೆ. ಬಿಸಿಲಿಗೆ ಮುಖ ಮಾಡಿದ ಗೋಡೆ ಬೇಗ ಒಣಗಿ ಉದುರುತ್ತದೆ, ಆದ್ದರಿಂದ ಕೆಲವೇ ವರ್ಷಗಳಿಗೊಮ್ಮೆ ಹೊಸದಾಗಿ ಪೇರಿಸುತ್ತಾರೆ. ಹದಿನಾಲ್ಕನೇ ಹೋಲಿನ ಹೆಲ್ ಬಂಕರಿನಲ್ಲಿ ಇಳಿದರೆ ಆಳುದ್ದ ಗೋಡೆ ನಿಮ್ಮ ಮುಂದೆ. ಗೋಡೆ ಹತ್ತಬೇಡಿ, ಗ್ರೀನ್ ಮೇಲೆ ಓಡಬೇಡಿ.

ಗಾಲ್ಫೂ ಸಿನಿಮಾವೂ ಒಂದಕ್ಕೊಂದು ತಾಗಿ ನಿಂತಿರುವುದೂ ಇಲ್ಲಿಯೇ. 1981ರ ‘ಚಾರಿಯಟ್ಸ್ ಆಫ್ ಫೈರ್’ ಚಿತ್ರದ ಆರಂಭದಲ್ಲಿ ಬಿಳಿ ಉಡುಪಿನ ಓಟಗಾರರು ಅಲೆಯಂಚಿನಲ್ಲಿ ಓಡುವ ದೃಶ್ಯ ಮೈದಾನದ ಪಕ್ಕದ ವೆಸ್ಟ್ ಸ್ಯಾಂಡ್ಸ್ ಕಡಲತೀರದ್ದು. ಕಥೆಯಲ್ಲಿ ಅದು ಇಂಗ್ಲೆಂಡಿನ ಕೆಂಟ್. ಸುಮಾರು ಮೂರು ಕಿಲೋಮೀಟರ್ ಉದ್ದದ ಮರಳು. ಇಳಿತದ ಸಮಯ ನೋಡಿಕೊಂಡು ಹೋದರೆ ಒದ್ದೆ ಮರಳು ಗಟ್ಟಿಯಾಗಿ, ಕಾಲು ಹೂತುಕೊಳ್ಳದೆ ಓಡಬಹುದು. ಮಕ್ಕಳಿಗೆ ಅಲ್ಲೇ ಬದಿಯಲ್ಲಿ ‘ಹಿಮಾಲಯಾಸ್’ ಎಂಬ ಉಬ್ಬುತಗ್ಗಿನ ಪಟಿಂಗ್ ಗ್ರೀನ್ ಇದೆ. 1867ರಲ್ಲಿ ಹುಟ್ಟಿದ ಮಹಿಳೆಯರ ಕ್ಲಬ್ಬಿನದು, ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು.

ಸೇಂಟ್ ಆಂಡ್ರೂಸ್‌ಗೆ ಮೊದಲು ಎಡಿನ್‌ಬರೋದಲ್ಲಿ ಎರಡು ದಿನ ಇರುತ್ತೀರಲ್ಲ, ಅದರಲ್ಲಿ ಒಂದು ದಿನ ನಾರ್ತ್ ಬೆರಿಕ್‌ಗೆ. ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಕಾರು ಬೇಡ. ಅಲ್ಲಿನ ವೆಸ್ಟ್ ಲಿಂಕ್ಸ್‌ನಲ್ಲಿ ಹದಿಮೂರನೇ ಗ್ರೀನ್‌ಗೆ ಮೊದಲು ಹಳೆಯ ಕಲ್ಲುಗೋಡೆ ಅಡ್ಡ ಇದೆ, ಚೆಂಡು ಅದನ್ನು ಹಾರಿಯೇ ಹೋಗಬೇಕು. ಹದಿನೈದನೆಯದು ‘ರಿಡಾನ್’: ಓರೆಯಾಗಿ ಕೂತು ಹಿಂದಕ್ಕೆ ಇಳಿಜಾರಾದ ಗ್ರೀನ್. ಜಗತ್ತಿನ ಎಷ್ಟೋ ಮೈದಾನಗಳು ಅದನ್ನು ನಕಲು ಮಾಡಿವೆ. ಆಡುವವರು ಅಲ್ಲಿ ನಾಲ್ಕು ಗಂಟೆ ಕಳೆಯುವಾಗ ಉಳಿದವರು ಊರಿನಿಂದ ಐದು ಕಿಲೋಮೀಟರ್ ಪೂರ್ವದ ಟ್ಯಾಂಟಾಲನ್ ಕೋಟೆಗೆ ಹೋಗಿಬರಬಹುದು. ಕಡಲಿನ ಬಂಡೆಯಂಚಿನಲ್ಲಿ ನಿಂತ ಕೆಂಪು ಕಲ್ಲಿನ ಆ ಒಂಟಿ ಗೋಡೆ, ಎದುರಿನ ಬಾಸ್ ರಾಕ್ ದ್ವೀಪ, ಎರಡೂ ‘ಕುಛ್ ಕುಛ್ ಹೋತಾ ಹೈ’ ಶೀರ್ಷಿಕೆ ಗೀತೆಯಲ್ಲಿವೆ. ಬೇಸಿಗೆಯಲ್ಲಿ ದ್ವೀಪ ಬೆಳ್ಳಗೆ ಕಾಣುವುದು ಗ್ಯಾನೆಟ್ ಹಕ್ಕಿಗಳಿಂದ ಮತ್ತು ಅವುಗಳ ಹಿಕ್ಕೆಯಿಂದ.

ಇನ್ನೊಂದು ದಿನ ಎಡಿನ್‌ಬರೋ ಪಕ್ಕದ ಮಸಲ್‌ಬರಾ. ಕುದುರೆ ರೇಸಿನ ಟ್ರ್ಯಾಕಿನ ಒಳಗಡೆ ಒಂಬತ್ತೇ ಹೋಲ್‌ಗಳ ಮೈದಾನ. 1672ರಲ್ಲಿ ಅಲ್ಲಿ ಆಡಿದ್ದಕ್ಕೆ ಲಿಖಿತ ದಾಖಲೆ ಇದೆ. ನಿಮ್ಮ ಊರಿನ ಗಾಲ್ಫ್ ಮೈದಾನದಲ್ಲೂ ಹೋಲಿನ ಅಗಲ ನಾಲ್ಕೂಕಾಲು ಇಂಚು ಇರುವುದಕ್ಕೆ ಮೂಲ ಇಲ್ಲಿ 1829ರಲ್ಲಿ ಬಳಸಿದ ಹೋಲ್ ಕೊರೆಯುವ ಉಪಕರಣ. ಆ ಅಳತೆ ನಿಯಮವಾಗಿದ್ದು 1890ರ ದಶಕದಲ್ಲಿ. ಹಳೆಯ ಹಿಕರಿ ಮರದ ಹಿಡಿಯ ಕ್ಲಬ್‌ಗಳು ಬಾಡಿಗೆಗೆ ಸಿಗುತ್ತವೆ. ರೇಸ್ ಇರುವ ದಿನ ಮೈದಾನ ಮುಚ್ಚಿರುತ್ತದೆ, ರೇಸಿನ ಕ್ಯಾಲೆಂಡರ್ ನೋಡದೆ ಹೋಗಬೇಡಿ. ಕಾಸು ಖರ್ಚಿಲ್ಲದೆ ಆಡಬೇಕೇ? ಎಡಿನ್‌ಬರೋ ನಡುವಿನ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್‌ನ ಗಿಡ್ಡ ಹೋಲ್‌ಗಳು ಎಲ್ಲರಿಗೂ ಉಚಿತ.

ಸೇಂಟ್ ಆಂಡ್ರೂಸ್ ಮುಗಿದ ಮೇಲೆ ಪಶ್ಚಿಮಕ್ಕೆ ತಿರುಗಿ. ದಾರಿಯಲ್ಲಿ, ಸ್ಟರ್ಲಿಂಗ್ ದಾಟಿದ ಮೇಲೆ, ಡೂನ್ ಕೋಟೆ. ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಚಿತ್ರದ ಬಹುಪಾಲು ಕೋಟೆಗಳು ಈ ಒಂದೇ ಕೋಟೆಯ ಬೇರೆ ಬೇರೆ ಮುಖಗಳು. ‘ಔಟ್‌ಲ್ಯಾಂಡರ್’ ಧಾರಾವಾಹಿಯ ಲೀಯಕ್ ಕೋಟೆಯೂ ಇದೇ. ಒಂದೂವರೆ ಗಂಟೆ ಸಾಕು. ಡೂನ್, ಟ್ಯಾಂಟಾಲನ್, ಎಡಿನ್‌ಬರೋ, ಸ್ಟರ್ಲಿಂಗ್ ಕೋಟೆಗಳು ಒಂದೇ ಸರಕಾರಿ ಸಂಸ್ಥೆಯ ಕೈಯಲ್ಲಿರುವುದರಿಂದ ಎಲ್ಲಕ್ಕೂ ಸೇರಿ ಒಂದೇ ಪಾಸ್ ಕೊಳ್ಳುವುದು ಅಗ್ಗ. ಪಶ್ಚಿಮದಲ್ಲಿರುವ, ‘ಕುಛ್ ಕುಛ್ ಹೋತಾ ಹೈ’ ಹಾಡಿನ ಇನ್ನೊಂದು ಕೋಟೆ ಐಲಿನ್ ಡೊನನ್‌ಗೆ ಆ ಪಾಸ್ ನಡೆಯುವುದಿಲ್ಲ, ಅದು ಬೇರೆ ಟ್ರಸ್ಟಿನದು.

ಪಶ್ಚಿಮದಲ್ಲಿ ಜನ ನಿರಾಶರಾಗುವುದಕ್ಕೆ ಕಾರಣ ಸೆಟ್‌ಗಳು. ಹ್ಯಾಗ್ರಿಡ್‌ನ ಗುಡಿಸಲನ್ನು ಮೂರನೇ ಹ್ಯಾರಿ ಪಾಟರ್ ಚಿತ್ರಕ್ಕಾಗಿ ಗ್ಲೆಂಕೋ ಕಣಿವೆಯಲ್ಲಿ ಕಟ್ಟಿದ್ದರು, ಚಿತ್ರೀಕರಣ ಮುಗಿದ ಮೇಲೆ ಬಿಚ್ಚಿದರು. ‘ಸ್ಕೈಫಾಲ್’ನಲ್ಲಿ ಬಾಂಡ್ ಕಾರು ನಿಲ್ಲಿಸಿ ನಿಂತು ನೋಡುವ ಕಣಿವೆ ಇಲ್ಲಿನ ಗ್ಲೆನ್ ಎಟಿವ್ ಹೌದು, ಆದರೆ ಆ ಮನೆ ಇಂಗ್ಲೆಂಡಿನ ಸರ‍್ರೆಯಲ್ಲಿ ಹಾಕಿದ ಸೆಟ್. 1983ರ ‘ಲೋಕಲ್ ಹೀರೋ’ ಚಿತ್ರದ ಹಳ್ಳಿ ಈಶಾನ್ಯದ ಪೆನನ್, ಅದರ ಕಡಲತೀರ ಇನ್ನೊಂದು ತುದಿಯ ಕ್ಯಾಮಸ್‌ಡಾರಕ್. ಮನೆ ಹುಡುಕಿಕೊಂಡು ಹೋಗಬೇಡಿ, ಬೆಟ್ಟದ ಗೆರೆ ಹುಡುಕಿ. ಚಿತ್ರದ ಒಂದು ಸ್ಥಿರಚಿತ್ರ ಫೋನಿನಲ್ಲಿ ಇಟ್ಟುಕೊಂಡು, ಹಿಂದಿನ ಬೆಟ್ಟದ ಬಾಹ್ಯರೇಖೆ ಹೊಂದುವ ತನಕ ಹಿಂದೆ ಮುಂದೆ ಸರಿದರೆ ಜಾಗ ತಾನಾಗಿ ಸಿಗುತ್ತದೆ.

ಗ್ಲೆನ್ ಎಟಿವ್ ರಸ್ತೆ ಒಂದೇ ಕಾರಿನಷ್ಟು ಅಗಲ, ಸುಮಾರು 20 ಕಿಲೋಮೀಟರ್, ಕೊನೆಯಲ್ಲಿ ಸರೋವರ, ಮುಂದೆ ದಾರಿಯಿಲ್ಲ. ಎಡಗಡೆ ಚಾಲನೆ ನಮ್ಮಂತೆಯೇ, ನಮ್ಮ ಲೈಸೆನ್ಸ್‌ನಲ್ಲಿ ಪ್ರವಾಸಿಗರು ಒಂದು ವರ್ಷದ ತನಕ ಓಡಿಸಬಹುದು. ಕಲಿಯಬೇಕಾದದ್ದು ಪಾಸಿಂಗ್ ಪ್ಲೇಸ್. ಎದುರಿನಿಂದ ವಾಹನ ಬಂದಾಗ ಆ ಅಗಲದ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಸಾಲಿನಲ್ಲೇ ನಿಲ್ಲಿ, ಬರುವವರು ಅದರೊಳಗೆ ಸುತ್ತಿ ಹೋಗುತ್ತಾರೆ. ಹಿಂದೆ ಯಾರಾದರೂ ಅವಸರದಲ್ಲಿದ್ದರೂ ಅಲ್ಲೇ ದಾರಿ ಬಿಡಿ. ಚಿತ್ರ ತೆಗೆಯಲು ಅಲ್ಲಿ ಕಾರು ನಿಲ್ಲಿಸುವುದು ಊರವರಿಗೆ ಮಾಡುವ ದೊಡ್ಡ ತೊಂದರೆ. ಆಂಬುಲೆನ್ಸಿಗೂ ಅದೇ ದಾರಿ.

ಹ್ಯಾರಿ ಪಾಟರ್ ರೈಲು ದಾಟುವ ಗ್ಲೆನ್‌ಫಿನನ್ ಸೇತುವೆಗೆ ಕಾರಿನಲ್ಲಿ ಹೋಗಲೇಬೇಡಿ. ಉಗಿರೈಲು ಬರುವ ಹೊತ್ತಿಗೆ ವಾಹನ ನಿಲುಗಡೆ ತುಂಬಿರುತ್ತದೆ. ಫೋರ್ಟ್ ವಿಲಿಯಂನಿಂದ ಮಾಮೂಲಿ ಪ್ಯಾಸೆಂಜರ್ ರೈಲು ಅದೇ ಹಳಿ, ಅದೇ 21 ಕಮಾನುಗಳ ಮೇಲೆ ಹೋಗುತ್ತದೆ, ಉಗಿರೈಲಿನ ಟಿಕೆಟಿಗಿಂತ ಎಷ್ಟೋ ಅಗ್ಗ. ಹೋಗುವಾಗ ಎಡಗಡೆ ಕೂರಿ. ಸೇತುವೆ ಆ ಬದಿಗೆ ಬಾಗಿದೆ, ಕಿಟಕಿಯಿಂದಲೇ ಕಮಾನುಗಳು ಕಾಣುತ್ತವೆ. ದಾಟಿದ ಕೂಡಲೇ ನಿಲ್ದಾಣ; ಇಳಿದು ಕಾಲುದಾರಿಯಲ್ಲಿ ಹಿಂದಕ್ಕೆ ನಡೆದು, ಉಗಿರೈಲು ದಾಟುವುದನ್ನು ಗುಡ್ಡದಿಂದ ನೋಡಿ. ದಿನಕ್ಕೆ ಬೆರಳೆಣಿಕೆಯ ರೈಲು, ವಾಪಸಿನ ವೇಳೆ ಮೊದಲೇ ಬರೆದುಕೊಳ್ಳಿ. 30 ಮೀಟರ್ ಎತ್ತರದ ಆ ಕಮಾನುಗಳನ್ನು 1897ರಿಂದ 1901ರ ನಡುವೆ ಕಬ್ಬಿಣದ ಸರಳಿಲ್ಲದೆ ಬರೀ ಕಾಂಕ್ರೀಟಿನಲ್ಲಿ ಎರಕ ಹೊಯ್ದಿದ್ದಾರೆ. ಬುಡಕ್ಕೆ ಹೋದರೆ ಹಲಗೆಗಳ ಅಚ್ಚು ಇನ್ನೂ ಕಾಣುತ್ತದೆ.

ಫೋರ್ಟ್ ವಿಲಿಯಂನಿಂದ ಐಲಿನ್ ಡೊನನ್‌ಗೆ ಎರಡು ಗಂಟೆ. 1719ರಲ್ಲಿ ನೌಕಾಪಡೆ ಅದನ್ನು ಸಿಡಿಸಿತ್ತು. ಈಗ ಕಾಣುವುದೂ, ಹಾಡಿನಲ್ಲಿ ಕಾಣುವ ಸೇತುವೆಯೂ 20ನೇ ಶತಮಾನದ ಕಟ್ಟಡ. ಉಬ್ಬರದ ಹೊತ್ತಿಗೆ ಹೋಗಿ, ಇಳಿತದಲ್ಲಿ ಸುತ್ತ ನೀರಿರದೆ ಕೆಸರು ಮತ್ತು ಪಾಚಿ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದಲ್ಲಿ ಮಿಜ್ ಎಂಬ ಸಣ್ಣ ನುಸಿಗಳು ಸಂಜೆ ಮುತ್ತಿಕೊಳ್ಳುತ್ತವೆ. ಗಾಳಿ ಬೀಸುವ ಕಡೆ ನಿಂತರೆ ಅವು ಹಾರಲಾರವು. ಮೇ ತಿಂಗಳು ಇದ್ದುದರಲ್ಲಿ ಒಳ್ಳೆಯದು.

ವಾಪಸು ಗ್ಲಾಸ್ಗೋದಲ್ಲಿ ಅರ್ಧ ದಿನ ಉಳಿದರೆ ಪ್ರೆಸ್ಟಿಕ್ ಗಾಲ್ಫ್ ಮೈದಾನಕ್ಕೆ ರೈಲು ಹಿಡಿಯಿರಿ, ಒಂದು ಗಂಟೆಯೊಳಗೆ. ಮೊದಲ ಹೋಲಿಗೆ ‘ರೈಲ್ವೆ’ ಎಂದೇ ಹೆಸರು. ಬಲಕ್ಕೆ ತಪ್ಪಿದ ಚೆಂಡು ಗೋಡೆಯಾಚೆ ಹಳಿಯ ಮೇಲೆ. 1860ರ ಅಕ್ಟೋಬರ್ 17ರಂದು ಎಂಟು ಜನ ಇಲ್ಲಿ 12 ಹೋಲ್‌ಗಳನ್ನು ಮೂರು ಸುತ್ತು ಆಡಿದ್ದೇ ಮೊದಲ ಓಪನ್ ಚಾಂಪಿಯನ್‌ಶಿಪ್. 174 ಹೊಡೆತಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕ್ ಗೆದ್ದರು. ಅಂದಿನ ಮೊದಲ ಟೀ, ಅಂದರೆ ಆಟ ಶುರುಮಾಡುವ ತಾಣ, ಇದ್ದ ಜಾಗದಲ್ಲಿ ಕಲ್ಲಿನ ಗುರುತು ನಿಲ್ಲಿಸಿದ್ದಾರೆ.